ಎರಡು ಪರದೆ, ಹತ್ತು ಕಿಟಕಿ

ಇತವಾರಿ ಪೇಟೆಗೆ ಹೊಸದಾಗಿ ಬಂದವರಿಗೆ ಮೊದಲು ಕಾಣುವುದು ಗದ್ದಲ. ತಿಂಗಳೊಪ್ಪತ್ತು ಓಡಾಡಿದ ಮೇಲೆ ಕಾಣುವುದು ಆ ಗದ್ದಲದೊಳಗಿನ ಕ್ರಮ. ಕಿರಾಣಿ ಸಾಮಾನಿಗೆ ಕಿರಾಣಾ ಓಳಿ, ಚಿನ್ನ ಬೆಳ್ಳಿಗೆ ಸರಾಫಾ ಓಳಿ. ಇಲ್ಲಿಯ ಮರಾಠಿಯಲ್ಲಿ ಓಳಿ ಎಂದರೆ ಸಾಲು. ನಮ್ಮ ಕನ್ನಡದಲ್ಲಿಯೂ ಓಳಿ ಎಂದರೆ ಸಾಲೇ. ಪೇಟೆಯ ಹೆಸರು ಕೂಡ ನಮಗೆ ಪರಕೀಯವಲ್ಲ. ಆದಿತ್ಯವಾರವನ್ನು ಇವರು ಇತವಾರ ಎಂದರು, ನಮ್ಮ ಹಳ್ಳಿಗರು ಐತವಾರ ಎಂದರು. ಊರೊಳಗೆ ಮಂಗಳವಾರಿ, ಬುಧವಾರಿ, ಶುಕ್ರವಾರಿಗಳೂ ಇವೆ. ವಾರಕ್ಕೊಂದು ಪೇಟೆ, ಸಾಮಾನಿಗೊಂದು ಸಾಲು. ಅಂಗಡಿಯ ಒಳಗೂ ಅದೇ ಕ್ರಮ. ಗಾದಿಯ ಮೇಲೆ ಕುಳಿತ ಸೇಠಜಿ ತಲೆಯೆತ್ತದೆ ಕೈ ಚಾಚಿದರೆ ಬಲಕ್ಕೆ ಬಿಲ್ಲಿನ ಪುಸ್ತಕ ಸಿಕ್ಕಬೇಕು, ಎಡಕ್ಕೆ ಉದ್ದರಿಯ ವಹಿ ಸಿಕ್ಕಬೇಕು. ವಹಿಯನ್ನು ಯಾರಾದರೂ ಬಲಕ್ಕೆ ಸರಿಸಿಟ್ಟರೆ ಅಂದಿನ ಅರ್ಧ ಸಿಟ್ಟು ಅದಕ್ಕೇ ಖರ್ಚಾಗುತ್ತದೆ.

ಆ ವಹಿಯ ಸ್ಥಾನದಲ್ಲಿ ಈಗ ಕಂಪ್ಯೂಟರು ಕುಳಿತಿದೆ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲಂತೂ ಸಣ್ಣ ವ್ಯಾಪಾರಿಗೂ ಅದು ತಪ್ಪಲಿಲ್ಲ. ಇತವಾರಿಯ ಎಷ್ಟೋ ಅಂಗಡಿಗಳಲ್ಲಿ ಲೆಕ್ಕ ಬರೆಯುವ ಟ್ಯಾಲಿ ಎಂಬ ಸಾಧನ 1986ರಲ್ಲಿ ಆರಂಭವಾದ ಕಂಪನಿಯದು. ಅದರ ಮುಖ್ಯ ಕಚೇರಿ ನಮ್ಮ ಬೆಂಗಳೂರಿನಲ್ಲಿಯೇ ಇದೆ ಎಂದು ಇಲ್ಲಿಯ ಮುನೀಮರಿಗೆ ಹೇಳಿದಾಗ ನಮಗೊಂದಿಷ್ಟು ಹೆಮ್ಮೆ. ಈಚೆಗೆ ಕೆಲವು ಅಂಗಡಿಗಳಲ್ಲಿ ಒಂದು ಪರದೆ ಸಾಲದೆಂದು ಎರಡು ಪರದೆಗಳನ್ನು ಹೂಡಿದ್ದಾರೆ. ಬ್ಯಾಂಕುಗಳಲ್ಲಿ, ಆಸ್ಪತ್ರೆಗಳಲ್ಲಿ, ನಮ್ಮಂಥ ಸರಕಾರಿ ಕಚೇರಿಗಳಲ್ಲಿ, ಕೊನೆಗೆ ಮನೆಯ ಊಟದ ಮೇಜಿನ ಮೇಲೂ ಎರಡು ಪರದೆಗಳು ಬಂದಿವೆ. ಜೊತೆಗೇ ಒಂದು ಹೊಸ ಪೀಡೆಯೂ ಬಂದಿದೆ. ಒಂದು ಪರದೆಯ ಮೇಲೆ ನೇಮಿಸಿಟ್ಟ ಕೆಲಸ ಹೇಳದೆ ಕೇಳದೆ ಇನ್ನೊಂದು ಪರದೆಗೆ ಹೋಗಿ ಕೂಡುತ್ತದೆ. ಈ ಪೀಡೆಯ ಕಾರಣವನ್ನೂ ಪರಿಹಾರವನ್ನೂ ನಮಗೆ ತಿಳಿದಷ್ಟು ಹೇಳುವುದೇ ಈ ಲೇಖನದ ಉದ್ದೇಶ. ನಾವು ಬಿ.ಎ. ಓದಿದ ಕಾರಕೂನರು, ಯಂತ್ರವಿದ್ಯೆ ಕಲಿತವರಲ್ಲ. ಆದರೆ ದಿನಕ್ಕೆ ಎಂಟು ತಾಸು ಎರಡು ಪರದೆಗಳ ಮುಂದೆ ಕೂಡುವವರಿಗೆ ಬೇನೆ ಎಲ್ಲಿದೆಯೆಂದು ತಿಳಿಯಲು ವೈದ್ಯರೇ ಆಗಬೇಕಿಲ್ಲವಷ್ಟೆ.

ಒಂದರ ಬದಲು ಎರಡೇಕೆ?

ಎರಡು ಪರದೆ ಎಂದರೆ ಉಳ್ಳವರ ಶೋಕಿಯಲ್ಲವೇ ಎಂದು ಕೆಲವರು ಕೇಳಿಯಾರು. ಹಳೆಯ ಕಾಲದ ಕಾರಕೂನನ ಮೇಜನ್ನು ನೆನೆದುಕೊಳ್ಳಿರಿ. ಎಡಗಡೆ ಬಂದ ಅರ್ಜಿ, ನಡುವೆ ರಿಜಿಸ್ಟರು, ಬಲಗಡೆ ಕರಡು ಬರೆಯುವ ಹಾಳೆ. ಅರ್ಜಿಯನ್ನು ಕಣ್ಣಿನಿಂದ ನೋಡುತ್ತ ರಿಜಿಸ್ಟರಿನಲ್ಲಿ ಕೈಯಿಂದ ಬರೆಯುತ್ತಿದ್ದ. ಕಂಪ್ಯೂಟರು ಬಂದಾಗ ಅಷ್ಟಗಲದ ಮೇಜು ಹದಿನೈದು ಅಂಗುಲದ ಗಾಜಿನೊಳಗೆ ಸೇರಿಹೋಯಿತು. ಅರ್ಜಿಯ ಮೇಲೆ ರಿಜಿಸ್ಟರು, ರಿಜಿಸ್ಟರಿನ ಮೇಲೆ ಕರಡು. ಕೆಳಗಿನದು ಬೇಕಾದರೆ ಮೇಲಿನದನ್ನು ಎತ್ತಬೇಕು. ಅರ್ಜಿಯಲ್ಲಿ ಕಂಡ ಅಂಕಿಯನ್ನು ತಲೆಯಲ್ಲಿ ಹೊತ್ತುಕೊಂಡು ಹೋಗಿ ಇನ್ನೊಂದು ಕಡೆ ಇಳಿಸಬೇಕು. ಹೊತ್ತೊಯ್ಯುವ ದಾರಿಯಲ್ಲಿ ಒಂದೆರಡು ಅಂಕಿ ಉದುರಿ ಬೀಳುವುದೂ ಉಂಟು. ಎರಡನೆಯ ಪರದೆ ಬಂದದ್ದು ಆ ಮೇಜನ್ನು ಮರಳಿ ಅಗಲ ಮಾಡುವುದಕ್ಕೆ. ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದವರು ರೂಪಿಸಿದ ಇ-ಆಫೀಸಿನಲ್ಲಿ ಹಸಿರು ಟಿಪ್ಪಣಿ ಹಾಳೆ ಮತ್ತು ಪತ್ರವ್ಯವಹಾರ ಎರಡನ್ನೂ ಒಟ್ಟಿಗೆ ನೋಡಬೇಕಾದವರಿಗೆ ಇದರ ಸುಖ ಗೊತ್ತು.

ಉಪಾಯವೇನೂ ನಿನ್ನೆ ಮೊನ್ನೆಯದಲ್ಲ. ಅಮೆರಿಕೆಯ ಆಪಲ್ ಕಂಪನಿಯವರು 1987ರಲ್ಲಿ ಮ್ಯಾಕಿಂಟೋಷ್ 2 ಎಂಬ ಯಂತ್ರವನ್ನು ಹೊರತಂದಾಗಲೇ ಅದಕ್ಕೆ ಒಂದಕ್ಕಿಂತ ಹೆಚ್ಚು ಪರದೆಗಳನ್ನು ಜೋಡಿಸಬಹುದಾಗಿತ್ತು. ಮೈಕ್ರೋಸಾಫ್ಟಿನವರು 1998ರ ವಿಂಡೋಸ್ 98ರಲ್ಲಿ ಅದೇ ಸೌಕರ್ಯವನ್ನು ಸಾಮಾನ್ಯರ ಕೈಗೆ ಕೊಟ್ಟರು. ಆಗ ಪರದೆ ಎಂದರೆ ಇಬ್ಬರು ಹೊರಬೇಕಾದ ಭಾರಿ ಪೆಟ್ಟಿಗೆ. ಒಂದನ್ನಿಡಲು ಸ್ಥಳವಿಲ್ಲ, ಎರಡರ ಮಾತೆಲ್ಲಿ? ತೆಳುವಾದ ಪರದೆಗಳು ಅಗ್ಗವಾದ ಮೇಲೆ ಎರಡನೆಯದಕ್ಕೆ ಮೇಜಿನ ಮೇಲೆ ಜಾಗ ಸಿಕ್ಕಿತು. 2020ರಲ್ಲಿ ಮಹಾಮಾರಿ ಬಂದು ಕಚೇರಿಗಳು ಬಾಗಿಲು ಹಾಕಿದಾಗ ಮನೆಯಿಂದಲೇ ಕೆಲಸ ಮಾಡಬೇಕಾಗಿ ಬಂದ ನಮ್ಮ ಹುಡುಗ ಹುಡುಗಿಯರು ಅದನ್ನು ಮನೆಯೊಳಗೂ ತಂದರು.

ಸ್ಥಳ ತಪ್ಪಿದರೆ ಏನು ನಷ್ಟ?

ಕಂಪ್ಯೂಟರಿನಲ್ಲಿ ತೆರೆದ ಒಂದೊಂದು ಕೆಲಸಕ್ಕೂ ಒಂದೊಂದು ಚೌಕಟ್ಟು. ಅದಕ್ಕೆ ವಿಂಡೋ ಎಂದು ಹೆಸರು. ನಾವು ಕಿಟಕಿ ಎನ್ನೋಣ. ಮನೆಯ ಕಿಟಕಿ ಕಟ್ಟಿದ ದಿನ ಎಲ್ಲಿತ್ತೋ ಗೋಡೆ ಬೀಳುವವರೆಗೂ ಅಲ್ಲಿಯೇ ಇರುತ್ತದೆ. ಕಂಪ್ಯೂಟರಿನ ಕಿಟಕಿಗೆ ಆ ನಿಷ್ಠೆಯಿಲ್ಲ. ಬೆಳಿಗ್ಗೆ ಬಂದು ಎಡ ಪರದೆಗೆ ಅರ್ಜಿ, ಬಲ ಪರದೆಗೆ ನಮೂನೆ ಎಂದು ನೀಟಾಗಿ ಹೊಂದಿಸಿ, ಚಹಕ್ಕೆ ಹೋಗಿ ಬರುವಷ್ಟರಲ್ಲಿ ಪರದೆಗಳು ನಿದ್ದೆ ಹೋಗಿರುತ್ತವೆ. ಎಬ್ಬಿಸಿ ನೋಡಿದರೆ ಹತ್ತು ಕಿಟಕಿಗಳೂ ಒಂದೇ ಪರದೆಯ ಮೇಲೆ ಒಂದರ ಮೇಲೊಂದು ಬಿದ್ದುಕೊಂಡಿವೆ, ಇನ್ನೊಂದು ಪರದೆ ಬಿಕೋ ಎನ್ನುತ್ತಿದೆ.

ಸರಿಸಿಕೊಂಡರಾಯಿತು, ಅದಕ್ಕೊಂದು ಲೇಖನವೇ ಎಂದು ನಗುವವರು ನಗಲಿ. ನಮಗೆ ಪರಿಚಯದ ಒಂದು ಕಚೇರಿಯಲ್ಲಿ ನಡೆದ ಸಂಗತಿಯನ್ನು ಕೇಳಿದ ಮೇಲೆ ನಗು ನಿಂತೀತು. ಅಲ್ಲಿ ಕುಟುಂಬ ನಿವೃತ್ತಿ ವೇತನದ ಅರ್ಜಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನಡೆದಿತ್ತು. ಎಡಗಡೆ ಅರ್ಜಿಯ ಚಿತ್ರ, ಬಲಗಡೆ ತುಂಬಬೇಕಾದ ನಮೂನೆ. ಒಂದೇ ಹೆಸರಿನ ಇಬ್ಬರು ತಾಯಂದಿರ ಅರ್ಜಿಗಳು ಅಂದು ಒಟ್ಟಿಗೆ ತೆರೆದಿದ್ದವು. ಮಧ್ಯಾಹ್ನದ ಬಿಡುವಿನಲ್ಲಿ ಕಿಟಕಿಗಳೆಲ್ಲ ಕಲೆತು, ಮೊದಲಿನವರ ಅರ್ಜಿಯ ಸ್ಥಳದಲ್ಲಿ ಎರಡನೆಯವರ ಅರ್ಜಿ ಬಂದು ಕುಳಿತಿತು. ಹೆಸರು ಒಂದೇ, ನಮೂನೆ ಒಂದೇ, ಸ್ಥಳವೂ ಅದೇ. ಕುಳಿತವರಿಗೆ ಸಂಶಯ ಬರಲು ಕಾರಣವೇ ಇರಲಿಲ್ಲ. ಅವರ ಬ್ಯಾಂಕ್ ಖಾತೆಯ ಅಂಕಿಯನ್ನು ಇವರ ನಮೂನೆಯಲ್ಲಿ ಬರೆದಾಯಿತು. ಪುಣ್ಯಕ್ಕೆ ಮೇಲಿನ ತಪಾಸಣೆಯವರ ಕಣ್ಣು ಐ.ಎಫ್.ಎಸ್.ಸಿ. ಸಂಕೇತದ ಮೇಲೆ ಬಿದ್ದಿತು. ಹನ್ನೊಂದು ಅಕ್ಷರಗಳ ಆ ಸಂಕೇತದಲ್ಲಿ ಮೊದಲಿನ ನಾಲ್ಕು ಬ್ಯಾಂಕು ಯಾವುದೆಂದು ಹೇಳುತ್ತವೆ. ಅರ್ಜಿಗೆ ಲಗತ್ತಿಸಿದ ಪಾಸುಪುಸ್ತಕ ಒಂದು ಬ್ಯಾಂಕಿನದು, ಬರೆದ ಸಂಕೇತ ಇನ್ನೊಂದರದು. ತಿದ್ದಿದರು, ಅಲ್ಲಿಗೆ ಮುಗಿಯಿತು. ಇಬ್ಬರ ಖಾತೆಯೂ ಒಂದೇ ಬ್ಯಾಂಕಿನಲ್ಲಿದ್ದಿದ್ದರೆ? ಒಬ್ಬ ಮುದುಕಿ ತನ್ನ ಹಣ ಎಲ್ಲಿ ಹೋಯಿತೆಂದು ಎಷ್ಟು ತಿಂಗಳು ಮೆಟ್ಟಿಲು ಹತ್ತಿ ಇಳಿಯಬೇಕಾಗುತ್ತಿತ್ತೋ!

ಅಂಗಡಿಯ ಕಷ್ಟ ಬೇರೆ ತೆರನಾದುದು. ಚಿನ್ನದ ಅಂಗಡಿಯಲ್ಲಿ ಒಂದು ಪರದೆ ಯಜಮಾನರ ಕಡೆಗೆ, ಇನ್ನೊಂದು ಗಿರಾಕಿಯ ಕಡೆಗೆ ಮುಖಮಾಡಿರುತ್ತದೆಂದು ಭಾವಿಸಿರಿ. ಗಿರಾಕಿ ನೋಡಬೇಕಾದ್ದು ತೂಕ, ದರ, ಮಜೂರಿ, ಒಟ್ಟು ಮೊತ್ತ. ಯಜಮಾನರ ಖಾತೆಯ ಕಿಟಕಿ ತಾನಾಗಿ ಅತ್ತ ಜಿಗಿದರೆ ಯಾರದೋ ಬಾಕಿ, ಯಾರದೋ ಫೋನ್ ನಂಬರು ಎಲ್ಲರ ಮುಂದೆ ಬಯಲು. ಮನೆಯಿಂದ ಕೆಲಸ ಮಾಡುವ ಮಕ್ಕಳು ಒಂದು ಪರದೆಯನ್ನು ಸಭೆಯಲ್ಲಿ ಎಲ್ಲರಿಗೂ ತೋರಿಸುತ್ತಿರುವಾಗ ಇನ್ನೊಂದು ಪರದೆಯಲ್ಲಿದ್ದ ಮನೆಯ ಪತ್ರ ಅಲ್ಲಿ ಬಂದು ಕುಳಿತರೂ ಅದೇ ಪೇಚು.

ಸ್ಥಳದ ಮಹತ್ವವನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವರು ಎಕ್ಸ್-ರೇ ನೋಡುವ ವೈದ್ಯರು. ಹಿಂದೆ ಅವರು ಫಿಲ್ಮುಗಳನ್ನು ಬೆಳಕಿನ ಪೆಟ್ಟಿಗೆಯ ಮೇಲೆ ತೂಗುಹಾಕಿ ನೋಡುತ್ತಿದ್ದರು. ಹಳೆಯ ಚಿತ್ರ ಯಾವ ಕಡೆ, ಹೊಸದು ಯಾವ ಕಡೆ, ಯಾವುದರ ಪಕ್ಕದಲ್ಲಿ ಯಾವುದು ಎಂದು ಒಂದು ಕಟ್ಟಳೆ ಇತ್ತು. ಫಿಲ್ಮು ಹೋಗಿ ಕಂಪ್ಯೂಟರ್ ಪರದೆ ಬಂದ ಮೇಲೂ ಆ ಕಟ್ಟಳೆಯನ್ನು ಅವರು ಬಿಡಲಿಲ್ಲ. ಇಂದಿಗೂ ಅದಕ್ಕೆ ಹ್ಯಾಂಗಿಂಗ್ ಪ್ರೋಟೋಕಾಲ್, ಅಂದರೆ ತೂಗುಹಾಕುವ ನಿಯಮ, ಎಂದೇ ಹೆಸರು. ವೈದ್ಯಕೀಯ ಚಿತ್ರಗಳ ಅಂತರರಾಷ್ಟ್ರೀಯ ನಿಯಮಾವಳಿಯಾದ ಡೈಕಾಮ್‌ನಲ್ಲಿ ಅದು ಸೇರಿದೆ. ಪ್ರತಿ ರೋಗಿಯ ಚಿತ್ರಗಳೂ ಅದೇ ಅದೇ ಸ್ಥಳದಲ್ಲಿ ತೆರೆದುಕೊಂಡರೆ ವೈದ್ಯರ ಗಮನವೆಲ್ಲ ರೋಗದ ಕಡೆಗೆ; ಇಲ್ಲವಾದರೆ ಅರ್ಧ ಗಮನ ಹುಡುಕಾಟಕ್ಕೆ. ವೈದ್ಯರಿಗೆ ಒಪ್ಪುವ ಮಾತು ಕಾರಕೂನರಿಗೂ ಒಪ್ಪಬೇಕು.

ಕಿಟಕಿಗಳು ಓಡುವುದೇಕೆ?

ಮನುಷ್ಯನಿಗೆ ಸ್ಥಳ ನೆನಪಿರುತ್ತದೆ. ಕಂಪ್ಯೂಟರಿಗೆ ಅಂಕಿ ನೆನಪಿರುತ್ತದೆ. ವ್ಯತ್ಯಾಸದ ಬೇರು ಇಲ್ಲಿದೆ. ನಾವು 'ಎಡಗಡೆಯ ಪರದೆ' ಎನ್ನುತ್ತೇವೆ. ಕಂಪ್ಯೂಟರಿಗೆ ಎಡವೂ ಇಲ್ಲ, ಬಲವೂ ಇಲ್ಲ. ಅದು ಒಂದು ಪರದೆಯನ್ನು ಮುಖ್ಯವೆಂದು ಇಟ್ಟುಕೊಂಡು, ಅದರ ಎಡ ಮೇಲ್ತುದಿಗೆ ಸೊನ್ನೆ ಎಂದು ಗುರುತು ಹಾಕುತ್ತದೆ. ಅಲ್ಲಿಂದ ಬಲಕ್ಕೂ ಕೆಳಕ್ಕೂ ಚುಕ್ಕಿಗಳನ್ನು ಎಣಿಸುತ್ತ ಹೋಗುತ್ತದೆ. ಪರದೆಯ ಅಗಲ 1920 ಚುಕ್ಕಿಗಳಾದರೆ ಬಲಗಡೆಯ ಎರಡನೆಯ ಪರದೆ 1920ರಿಂದ ಆರಂಭ. ಎರಡನೆಯದು ಎಡಗಡೆ ಇದ್ದರೆ ಅಲ್ಲಿಯ ಲೆಕ್ಕವೆಲ್ಲ ಸೊನ್ನೆಗಿಂತ ಕೆಳಗೆ, ಸಾಲದ ಖಾತೆಯಂತೆ. ಕಿಟಕಿಯೊಂದರ ವಿಳಾಸವೆಂದರೆ ಇಂಥ ಅಂಕಿಗಳು ಮಾತ್ರ. ಮುಖ್ಯ ಪರದೆ ಬದಲಾದರೆ ಸೊನ್ನೆಯೇ ಬದಲಾಯಿತು; ಸೊನ್ನೆ ಬದಲಾದರೆ ಎಲ್ಲರ ವಿಳಾಸವೂ ಬದಲಾಯಿತು.

ಇನ್ನು ಪರದೆಯ ಗುರುತು. ಪ್ರತಿ ಪರದೆಯೊಳಗೆ ಅದರ ಜಾತಕವನ್ನು ಬರೆದಿಟ್ಟಿರುತ್ತಾರೆ. ಇಡಿಐಡಿ ಎಂದು ಅದರ ಹೆಸರು. 1994ರಿಂದ ಬಂದ ಪದ್ಧತಿ. ಮೂಲ ಜಾತಕ 128 ಬೈಟುಗಳಷ್ಟು ಮಾತ್ರ. ತಯಾರಿಸಿದವರ ಮೂರಕ್ಷರದ ಗುರುತು, ಮಾದರಿಯ ಸಂಖ್ಯೆ, ಕ್ರಮಸಂಖ್ಯೆ, ತಯಾರಾದ ವರ್ಷ, ತೋರಿಸಬಲ್ಲ ಅಳತೆಗಳು ಅದರಲ್ಲಿರುತ್ತವೆ. ಕೇಬಲ್ ಜೋಡಿಸಿದೊಡನೆ ಕಂಪ್ಯೂಟರು ಈ ಜಾತಕವನ್ನು ಓದಿ 'ಓಹೋ, ಇವರೇ' ಎಂದು ಗುರುತಿಸುತ್ತದೆ. ಕಚೇರಿಗಳಲ್ಲಿ ಒಂದೇ ಕಂಪನಿಯ ಒಂದೇ ಮಾದರಿಯ ಪರದೆಗಳನ್ನು ಒಟ್ಟಿಗೆ ಖರೀದಿಸುವುದು ವಾಡಿಕೆ. ಅವುಗಳಲ್ಲಿ ಕ್ರಮಸಂಖ್ಯೆಯನ್ನು ಸರಿಯಾಗಿ ಬರೆದಿರದಿದ್ದರೆ ಎರಡೂ ಅವಳಿಜವಳಿ. ಆಗ ಯಂತ್ರಕ್ಕೆ ಉಳಿಯುವ ಆಧಾರ ಒಂದೇ: ಯಾವ ಕೇಬಲು ಯಾವ ರಂಧ್ರದಲ್ಲಿದೆ ಎಂಬುದು. ಕಸ ಗುಡಿಸುವಾಗಲೋ ಮೇಜು ಸರಿಸುವಾಗಲೋ ಕೇಬಲುಗಳು ಅದಲುಬದಲಾದರೆ ಅಣ್ಣ ತಮ್ಮನಾದ, ತಮ್ಮ ಅಣ್ಣನಾದ.

ಮೂರನೆಯ ಕಾರಣವೇ ಮುಖ್ಯವಾದುದು. ಕೇಬಲಿನೊಳಗೆ ಚಿತ್ರ ಸಾಗಿಸುವ ತಂತಿಗಳಲ್ಲದೆ, 'ನಾನಿದ್ದೇನೆ' ಎಂದು ಪರದೆ ಕಂಪ್ಯೂಟರಿಗೆ ತಿಳಿಸುವ ಒಂದು ತಂತಿ ಬೇರೆಯೇ ಇರುತ್ತದೆ. ಎಚ್‌ಡಿಎಂಐ ಕೇಬಲಿನಲ್ಲಿ ಅದು 19ನೆಯ ಪಿನ್ನು, ಡಿಸ್‌ಪ್ಲೇಪೋರ್ಟ್ ಕೇಬಲಿನಲ್ಲಿ 18ನೆಯ ಪಿನ್ನು. ಕೆಲವು ಪರದೆಗಳು ಗಾಢನಿದ್ರೆಗೆ ಜಾರಿದಾಗ ಅಥವಾ ಗುಂಡಿಯೊತ್ತಿ ಆರಿಸಿದಾಗ ಈ ದನಿಯನ್ನೂ ನಿಲ್ಲಿಸಿಬಿಡುತ್ತವೆ. ಡಿಸ್‌ಪ್ಲೇಪೋರ್ಟ್ ಜೋಡಣೆಯಲ್ಲಿ ಈ ತೊಂದರೆ ಹೆಚ್ಚಾಗಿ ಕಂಡುಬರುತ್ತದೆ. ಪರದೆ ಮೇಜಿನ ಮೇಲೆಯೇ ಇದೆ. ಆದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅದನ್ನು ಯಾರೋ ಕಿತ್ತುಕೊಂಡು ಹೋದರು! ಇಲ್ಲದ ಪರದೆಯ ಮೇಲೆ ಕಿಟಕಿಗಳನ್ನು ಬಿಟ್ಟರೆ ಬಳಸುವವನಿಗೆ ಅವು ಕಾಣುವುದೆಂತು ಎಂದು ಕಂಪ್ಯೂಟರು ಕನಿಕರಪಟ್ಟು ಎಲ್ಲವನ್ನೂ ಉಳಿದ ಪರದೆಗೆ ಸಾಗಿಸುತ್ತದೆ. ಕ್ಷಣದ ಮೇಲೆ ಪರದೆ ಎಚ್ಚತ್ತು 'ನಾನಿದ್ದೇನೆ' ಎನ್ನುತ್ತದೆ. ಬಂದೆಯಾ, ಬಾ ಎನ್ನುತ್ತದೆ ಕಂಪ್ಯೂಟರು. ಸಾಗಿಸಿದ ಕಿಟಕಿಗಳನ್ನು ಮಾತ್ರ ಹಿಂದಕ್ಕೆ ಕಳಿಸುವುದಿಲ್ಲ. ಸುಣ್ಣ ಬಳಿಯುವಾಗ ಕೋಣೆಯ ಸಾಮಾನನ್ನೆಲ್ಲ ನಡುಮನೆಗೆ ತಂದು ಹಾಕಲು ಹತ್ತು ಮಂದಿ. ಸುಣ್ಣ ಆರಿದ ಮೇಲೆ ತಿರುಗಿ ಹೊತ್ತಿಡಲು ಯಾರೂ ಇಲ್ಲ. ಮನೆಮನೆಯ ಅನುಭವವೇ ಇಲ್ಲಿಯದೂ.

ಏನು ಮಾಡಬೇಕು?

ಮೈಕ್ರೋಸಾಫ್ಟಿನವರು ಈ ತೊಂದರೆಯನ್ನು ಗಮನಿಸಿ 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11ರಲ್ಲಿ ಒಂದು ಪರಿಹಾರವನ್ನಿಟ್ಟರು. ಅದಕ್ಕಿಂತ ಹಿಂದಿನ ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಯಂತ್ರಕ್ಕೆ ತಾಳಿಕೆಯಿದ್ದರೆ ಹೊಸದಕ್ಕೆ ಹೋಗುವುದು ಲೇಸು. ಆದರೆ ಗುಂಡಿಯೊಂದನ್ನು ಒತ್ತಿದ ಮಾತ್ರಕ್ಕೆ ಎಲ್ಲವೂ ನೆಟ್ಟಗಾಗುವುದಿಲ್ಲ. ಕ್ರಮವಾಗಿ ಹೀಗೆ ಮಾಡಿರಿ.

ಮೊದಲನೆಯದು, ಕಂಪ್ಯೂಟರಿನ ನಕಾಶೆ ಮತ್ತು ಮೇಜಿನ ಮೇಲಿನ ಸ್ಥಿತಿ ಒಂದೇ ಆಗಬೇಕು. ಸೆಟ್ಟಿಂಗ್ಸ್, ಸಿಸ್ಟಂ, ಡಿಸ್‌ಪ್ಲೇ ಎಂದು ಹೋದರೆ ಪರದೆಗಳು 1, 2 ಎಂಬ ಚೌಕಗಳಾಗಿ ಕಾಣುತ್ತವೆ. ಐಡೆಂಟಿಫೈ ಎಂಬುದನ್ನು ಒತ್ತಿದರೆ ಯಾವ ಪರದೆಗೆ ಯಾವ ಅಂಕಿ ಎಂದು ಆಯಾ ಪರದೆಯ ಮೇಲೆಯೇ ಮೂಡುತ್ತದೆ. ಚೌಕಗಳನ್ನು ಎಳೆದು ಮೇಜಿನ ಮೇಲೆ ಹೇಗಿವೆಯೋ ಹಾಗೆ ಕೂಡಿಸಿರಿ. ಒಂದು ಪರದೆ ತುಸು ಎತ್ತರದಲ್ಲಿದ್ದರೆ ಚೌಕವನ್ನೂ ತುಸು ಎತ್ತರಿಸಿರಿ. ಮುಖ್ಯ ಪರದೆ ಯಾವುದೆಂದು ಒಮ್ಮೆ ನಿಶ್ಚಯಿಸಿದ ಮೇಲೆ ಮತ್ತೆ ಬದಲಿಸಬೇಡಿರಿ. ಸೊನ್ನೆ ಎಲ್ಲಿದೆಯೋ ಅಲ್ಲಿಯೇ ಇರಲಿ.

ಎರಡನೆಯದು, ಅದೇ ಪುಟದಲ್ಲಿ ಮಲ್ಟಿಪಲ್ ಡಿಸ್‌ಪ್ಲೇಸ್ ಎಂಬುದನ್ನು ಬಿಚ್ಚಿ ನೋಡಿದರೆ 'ರಿಮೆಂಬರ್ ವಿಂಡೋ ಲೊಕೇಶನ್ಸ್ ಬೇಸ್ಡ್ ಆನ್ ಮಾನಿಟರ್ ಕನೆಕ್ಷನ್' ಎಂಬ ಸಾಲಿದೆ. ಅದರ ಮುಂದೆ ಗುರುತು ಹಾಕಿರಿ. ಪರದೆ ಹೋಗಿ ಬಂದಾಗ ಕಿಟಕಿಗಳನ್ನು ಮೊದಲಿನ ಸ್ಥಳಕ್ಕೆ ಹಿಂದಿರುಗಿಸುವ ಜವಾಬ್ದಾರಿಯನ್ನು ಆಗ ಕಂಪ್ಯೂಟರು ವಹಿಸಿಕೊಳ್ಳುತ್ತದೆ. ಅದರ ಹತ್ತಿರವೇ, ಪರದೆ ಕಳಚಿದಾಗ ಅದರ ಮೇಲಿನ ಕಿಟಕಿಗಳನ್ನು ಮಡಚಿಡುವ ಇನ್ನೊಂದು ಆಯ್ಕೆಯಿದೆ. ಗುಟ್ಟಿನ ಕಾಗದಪತ್ರ ನೋಡುವವರಿಗೆ ಅದು ಉಪಯುಕ್ತ. ಕಿಟಕಿ ಎದುರಿಗೆ ಬಂದು ಬೀಳುವ ಬದಲು ಕೆಳಗಿನ ಪಟ್ಟಿಯಲ್ಲಿ ಸುಮ್ಮನೆ ಕೂಡುತ್ತದೆ.

ಮೂರನೆಯದು ಕೇಬಲಿನ ಶಿಸ್ತು. ಕೇಬಲಿಗೂ ರಂಧ್ರಕ್ಕೂ ಒಂದೊಂದು ಬಣ್ಣದ ಪಟ್ಟಿ ಅಂಟಿಸಿರಿ, ಕೆಂಪಿಗೆ ಕೆಂಪು, ಹಸಿರಿಗೆ ಹಸಿರು. ಯಾರು ಬಿಚ್ಚಿ ಜೋಡಿಸಿದರೂ ತಪ್ಪುವ ಸಂಭವ ಕಡಿಮೆ. ಪರದೆಯ ಸ್ವಂತ ಪಟ್ಟಿಯಲ್ಲಿ ಡೀಪ್ ಸ್ಲೀಪ್ ಎಂದೋ ಆಟೋ ಸೋರ್ಸ್ ಎಂದೋ ಇದ್ದರೆ ಅದನ್ನು ನಿಲ್ಲಿಸಿ ನೋಡಿರಿ. 'ನಾನಿದ್ದೇನೆ' ಎಂಬ ದನಿ ಅಡಗುವುದು ಎಷ್ಟೋ ಬಾರಿ ಇದರಿಂದಲೇ. ಚಹಕ್ಕೆ ಎದ್ದಾಗ ಪರದೆಯ ಗುಂಡಿಯೊತ್ತಿ ಆರಿಸಬೇಡಿರಿ. ವಿಂಡೋಸ್ ಕೀಲಿಯೊಡನೆ ಎಲ್ ಅಕ್ಷರ ಒತ್ತಿ ಬೀಗ ಹಾಕಿ ಹೋಗಿರಿ. ಬೆಳಿಗ್ಗೆ ಮೊದಲು ಎರಡೂ ಪರದೆಗಳನ್ನು ಹಚ್ಚಿ, ಅವು ಬೆಳಗಿದ ಮೇಲೆ ಕಂಪ್ಯೂಟರನ್ನು ಎಬ್ಬಿಸಿರಿ. ಎರಡು ಕಂಪ್ಯೂಟರುಗಳಿಗೆ ಒಂದೇ ಜೋಡಿ ಪರದೆಯನ್ನು ಬಳಸಲು ಕೆವಿಎಂ ಎಂಬ ಪೆಟ್ಟಿಗೆ ಕೊಳ್ಳುವವರು, ಜಾತಕವನ್ನು ಹಿಡಿದಿಟ್ಟುಕೊಳ್ಳುವ ಜಾತಿಯದನ್ನು, ಅಂದರೆ ಇಡಿಐಡಿ ಎಮ್ಯುಲೇಶನ್ ಇರುವುದನ್ನು, ಕೇಳಿ ಕೊಳ್ಳಬೇಕು. ಇಲ್ಲದ ಪೆಟ್ಟಿಗೆಯಾದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಿಸಿದಾಗಲೆಲ್ಲ ಪರದೆ ಕಿತ್ತುಕೊಂಡು ಹೋದಂತೆಯೇ ಸರಿ.

ನಾಲ್ಕನೆಯದು ಅಳತೆ. ಲ್ಯಾಪ್‌ಟಾಪಿನ ಸಣ್ಣ ಪರದೆಯಲ್ಲಿ ಅಕ್ಷರ ದೊಡ್ಡದಾಗಿ ಕಾಣಲೆಂದು 125 ಅಥವಾ 150 ಪ್ರತಿಶತ ಎಂದು ಇಟ್ಟಿರುತ್ತಾರೆ. ಪಕ್ಕದ ದೊಡ್ಡ ಪರದೆಯಲ್ಲಿ 100 ಇರುತ್ತದೆ. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಕಿಟಕಿ ಹಿಗ್ಗಿ ಕುಗ್ಗಿ ಅಂಚು ಹೊರಗೆ ಹೋಗುವುದುಂಟು. ಎರಡೂ ಪರದೆ ಒಂದೇ ಗಾತ್ರದವಾದರೆ ಎರಡಕ್ಕೂ ಒಂದೇ ಪ್ರತಿಶತ ಇಡುವುದು ಒಳ್ಳೆಯದು.

ಇಷ್ಟಾದರೂ ಕಿಟಕಿ ತಪ್ಪಿದರೆ ಕೈಗೆ ಮೂರು ಉಪಾಯ ಕಲಿಸಿರಿ. ವಿಂಡೋಸ್ ಮತ್ತು ಶಿಫ್ಟ್ ಕೀಲಿಗಳನ್ನು ಹಿಡಿದು ಎಡ ಅಥವಾ ಬಲ ಬಾಣ ಒತ್ತಿದರೆ ಕಿಟಕಿ ಇನ್ನೊಂದು ಪರದೆಗೆ ನೆಗೆಯುತ್ತದೆ. 2009ರ ವಿಂಡೋಸ್ 7ರಿಂದಲೂ ಈ ಸೌಕರ್ಯವಿದೆ. ಶಿಫ್ಟ್ ಬಿಟ್ಟು ವಿಂಡೋಸ್ ಮತ್ತು ಬಾಣವನ್ನಷ್ಟೇ ಒತ್ತಿದರೆ ಕಿಟಕಿ ಪರದೆಯ ಅರ್ಧಭಾಗಕ್ಕೆ ಅಚ್ಚುಕಟ್ಟಾಗಿ ಅಂಟುತ್ತದೆ. ಕೆಳಗಿನ ಪಟ್ಟಿಯಲ್ಲಿ ಹೆಸರಿದೆ, ಆದರೆ ಯಾವ ಪರದೆಯಲ್ಲೂ ಕಾಣದು ಎಂಬ ಸ್ಥಿತಿ ಬಂದರೆ, ಕಿಟಕಿ ಇಲ್ಲದ ಪರದೆಯ ವಿಳಾಸ ಹಿಡಿದು ಕುಳಿತಿದೆ ಎಂದು ತಿಳಿಯಿರಿ. ಅದನ್ನು ಆರಿಸಿ, ಆಲ್ಟ್ ಮತ್ತು ಸ್ಪೇಸ್ ಒತ್ತಿ, ಆಮೇಲೆ ಎಂ ಅಕ್ಷರ ಒತ್ತಿ, ಬಾಣದ ಕೀಲಿಯನ್ನು ಒಮ್ಮೆ ತಟ್ಟಿ ಮೌಸನ್ನು ಆಡಿಸಿದರೆ ತಪ್ಪಿಸಿಕೊಂಡ ಮಗು ಕೈಗೆ ಬರುತ್ತದೆ.

ದಿನವೂ ಅದೇ ಆರೇಳು ಕಿಟಕಿಗಳನ್ನು ತೆರೆಯುವವರಿಗೆ ಮೈಕ್ರೋಸಾಫ್ಟಿನವರೇ ಪುಕ್ಕಟೆಯಾಗಿ ಕೊಡುವ ಪವರ್‌ಟಾಯ್ಸ್ ಎಂಬ ಸಲಕರಣೆಯ ಗಂಟೊಂದಿದೆ. ಅದರೊಳಗಿನ ಫ್ಯಾನ್ಸಿಜೋನ್ಸ್ ಪರದೆಯ ಮೇಲೆ ನಮಗೆ ಬೇಕಾದಂತೆ ಗೆರೆ ಎಳೆದು ಕೋಣೆಗಳನ್ನು ಮಾಡಿಕೊಡುತ್ತದೆ. ಹೊಸದಾಗಿ ತೆರೆದ ಕಿಟಕಿಯನ್ನು ಅದು ಹಿಂದೆ ಇದ್ದ ಕೋಣೆಗೇ ಕಳಿಸುವ ಆಯ್ಕೆಯೂ ಅದರಲ್ಲಿದೆ. 2024ರಲ್ಲಿ ಸೇರಿದ ವರ್ಕ್‌ಸ್ಪೇಸಸ್ ಎಂಬುದಂತೂ ಇಡೀ ಬಿಡಾರವನ್ನೇ ನೆನಪಿಟ್ಟು, ಒಂದು ಒತ್ತಿಗೆ ಎಲ್ಲ ಕೆಲಸಗಳನ್ನೂ ಅವುಗಳ ಸ್ಥಳದಲ್ಲಿಯೇ ತೆರೆದಿಡುತ್ತದೆ. ಕಚೇರಿಯ ಯಂತ್ರಕ್ಕೆ ಇಂಥದನ್ನು ಹಾಕುವ ಮುನ್ನ ಅಲ್ಲಿಯ ಕಂಪ್ಯೂಟರ್ ವಿಭಾಗದ ಅಪ್ಪಣೆ ಪಡೆಯತಕ್ಕದ್ದು. ಅಂಗಡಿಯ ಯಂತ್ರಕ್ಕೂ ಮನೆಯ ಯಂತ್ರಕ್ಕೂ ಆ ತೊಡಕಿಲ್ಲ. ಆಪಲ್ ಯಂತ್ರದವರು ಕೆಳಗಿನ ಡಾಕ್‌ನಲ್ಲಿರುವ ಗುರುತಿನ ಮೇಲೆ ಬಲಗುಂಡಿ ಒತ್ತಿ, ಆಪ್ಷನ್ಸ್‌ನಲ್ಲಿ ಅಸೈನ್ ಟು ಎಂಬಲ್ಲಿ ಇಂಥ ಕೆಲಸಕ್ಕೆ ಇಂಥ ಪರದೆ ಎಂದು ನೇಮಿಸಬಹುದು. ಲಿನಕ್ಸ್ ಬಳಸುವವರು ಗಮನಿಸಬೇಕಾದ ಒಂದು ಮಾತು: ಹಳೆಯ ಎಕ್ಸ್ ಪದ್ಧತಿಯಲ್ಲಿ ಕಿಟಕಿ ತಾನೆಲ್ಲಿ ಕೂಡಬೇಕೆಂದು ತಾನೇ ಕೇಳಬಹುದಿತ್ತು, ಹೊಸ ವೇಲ್ಯಾಂಡ್ ಪದ್ಧತಿಯಲ್ಲಿ ಸಾಮಾನ್ಯವಾಗಿ ಮನೆಯ ಯಜಮಾನ ತೋರಿಸಿದಲ್ಲಿಯೇ ಕೂಡಬೇಕು. ಆದ್ದರಿಂದ ಕೆಡಿಇ ಮೊದಲಾದವುಗಳಲ್ಲಿ ಇರುವ ವಿಂಡೋ ರೂಲ್ಸ್ ಎಂಬ ನಿಯಮಗಳನ್ನು ಬರೆದಿಡುವುದೇ ಸರಿಯಾದ ದಾರಿ.

ಸ್ಥಳಕ್ಕೊಂದು ಲಿಪಿ

ಹೊರನಾಡಿನ ಕನ್ನಡಿಗರಾದ ನಮಗೆ ಇದರ ಜೊತೆಗೆ ಇನ್ನೊಂದು ತೊಡಕಿದೆ. ಕಚೇರಿಯ ಕಾಗದ ಮರಾಠಿಯಲ್ಲಿ, ಮೇಲಿನವರ ಪತ್ರ ಹಿಂದಿಯಲ್ಲಿ, ಲೆಕ್ಕ ಇಂಗ್ಲಿಷಿನಲ್ಲಿ, ಊರಿಗೆ ಬರೆಯುವ ಪತ್ರ ಕನ್ನಡದಲ್ಲಿ. ಒಂದು ಕಿಟಕಿಯಲ್ಲಿ ಕನ್ನಡ ಬರೆದು ಇನ್ನೊಂದಕ್ಕೆ ಹೋದರೆ ಮರಾಠಿಯ ಅರ್ಜಿಯ ನಡುವೆ ಕನ್ನಡದ ಅಕ್ಷರ ಬಂದು ನಿಲ್ಲುತ್ತದೆ. ಇದಕ್ಕೂ ವಿಂಡೋಸಿನಲ್ಲಿ ದಾರಿಯಿದೆ. ಸೆಟ್ಟಿಂಗ್ಸಿನ ಟೈಮ್ ಆಂಡ್ ಲ್ಯಾಂಗ್ವೇಜ್, ಟೈಪಿಂಗ್, ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್ ಎಂದು ಹೋಗಿ, ಪ್ರತಿ ಕಿಟಕಿಗೂ ಬೇರೆ ಬೇರೆ ಕೀಲಿಮಣೆ ಬಳಸಲು ಬಿಡುವ ಸಾಲಿಗೆ ಗುರುತು ಹಾಕಿದರೆ ಸಾಕು. ಎಡಗಡೆಯ ಕಿಟಕಿ ಮರಾಠಿಯಲ್ಲಿಯೇ ಇರುತ್ತದೆ, ಬಲಗಡೆಯದು ಕನ್ನಡದಲ್ಲಿಯೇ ಇರುತ್ತದೆ. ವಿಂಡೋಸ್ ಕೀಲಿಯೊಡನೆ ಸ್ಪೇಸ್ ಒತ್ತಿ ಒಂದೊಂದರಲ್ಲಿ ಒಮ್ಮೆ ಆರಿಸಿಕೊಂಡರೆ ಆ ಕಿಟಕಿ ಮುಚ್ಚುವವರೆಗೆ ನೆನಪಿರುತ್ತದೆ.

ಮಕ್ಕಳ ವಿಷಯದಲ್ಲಿ ಇದು ಇನ್ನೂ ಪ್ರಯೋಜನಕರ. ಮನೆಯಲ್ಲಿ ಎರಡು ಪರದೆಗಳಿದ್ದರೆ ಬಲಗಡೆಯದನ್ನು ಸಂಜೆ ಅರ್ಧ ತಾಸು ಕನ್ನಡಕ್ಕೆಂದು ಮೀಸಲಿಟ್ಟು ನೋಡಿರಿ. ಅಲ್ಲಿ ತೆರೆಯುವುದು ಕನ್ನಡದ ಪಾಠ, ಕನ್ನಡದ ಪತ್ರಿಕೆ, ಇಲ್ಲವೆ ಧಾರವಾಡ ಮೈಸೂರುಗಳಲ್ಲಿರುವ ಅಜ್ಜ ಅಜ್ಜಿಯರ ಮುಖ. ಕಿಟಕಿ ದಿನವೂ ಅದೇ ಸ್ಥಳದಲ್ಲಿ ತೆರೆದರೆ ಮಗು ತಾನಾಗಿ ಆ ಕಡೆ ತಿರುಗುತ್ತದೆ. ಕಣ್ಣು ಸಾಲದ ಹಿರಿಯರಿಗಂತೂ ಸ್ಥಳದ ನೆನಪೇ ದೊಡ್ಡ ಆಧಾರ. 'ಬಲಗಡೆಯ ಪರದೆಯಲ್ಲಿ ಹಸಿರು ಗುಂಡಿ ಒತ್ತು' ಎಂದು ಮೊಮ್ಮಗ ಒಮ್ಮೆ ಹೇಳಿಕೊಟ್ಟದ್ದನ್ನು ಅಜ್ಜಿ ವರ್ಷಗಟ್ಟಲೆ ನೆನಪಿಡಬಲ್ಲಳು. ಗುಂಡಿ ಬಲಗಡೆಯಲ್ಲಿಯೇ ಇರಬೇಕು, ಅಷ್ಟೆ. ಒಂದು ದಿನ ಅದು ಎಡಕ್ಕೆ ಹೋದರೆ ಅವಳು ತನ್ನ ತಿಳಿವನ್ನೇ ಅನುಮಾನಿಸುತ್ತಾಳೆ, ಯಂತ್ರವನ್ನಲ್ಲ. ಎಷ್ಟೋ ಹಿರಿಯರು 'ನಮಗೆ ಇದೆಲ್ಲ ಬರುವುದಿಲ್ಲಪ್ಪಾ' ಎಂದು ದೂರ ಸರಿಯುವುದರ ಹಿಂದೆ ಇಂಥ ಸಣ್ಣ ಕಾರಣವಿರುತ್ತದೆ.

ಕೊನೆಗೊಂದು ಸಲಹೆ. ಎಲ್ಲವನ್ನೂ ಹೊಂದಿಸಿದ ಮೇಲೆ ಒಂದು ರಟ್ಟಿನ ತುಂಡಿನ ಮೇಲೆ ಎರಡು ಚೌಕ ಬರೆದು, ಯಾವ ಪರದೆಯಲ್ಲಿ ಏನು, ಯಾವ ಕೇಬಲು ಎಲ್ಲಿ, ಯಾವ ಪರದೆ ಮುಖ್ಯ, ಎಷ್ಟು ಪ್ರತಿಶತ ಎಂದು ಗುರುತಿಸಿ ಪರದೆಯ ಬೆನ್ನಿಗೆ ಅಂಟಿಸಿರಿ. ತಾರೀಖನ್ನೂ ಬರೆಯಿರಿ. ಯಂತ್ರ ಕೆಡುತ್ತದೆ, ಹೊಸದು ಬರುತ್ತದೆ, ರಿಪೇರಿಗೆ ಬಂದ ಹುಡುಗ ಎಲ್ಲವನ್ನೂ ಬಿಚ್ಚಿ ಜೋಡಿಸುತ್ತಾನೆ. ರಟ್ಟಿನ ತುಂಡು ಮಾತ್ರ ಕೆಡುವುದಿಲ್ಲ. ಸರಕಾರಿ ನೌಕರಿಯಲ್ಲಿ ವರ್ಗಾವಣೆ ಯಾರಿಗೂ ತಪ್ಪಿದ್ದಲ್ಲ. ನಾವೆದ್ದು ಹೋದ ಕುರ್ಚಿಯಲ್ಲಿ ನಾಳೆ ಕೂಡುವವರು ಮೊದಲ ದಿನವೇ ಯಾರದೋ ತಾಯಿಯ ಅರ್ಜಿಯನ್ನು ಸರಿಯಾಗಿ ನೋಡಿ ಸರಿಯಾಗಿ ಬರೆಯುವಂತಾದರೆ, ಆ ಕಾಲು ತಾಸಿನ ಶ್ರಮ ಸಾರ್ಥಕ. ಓದುಗರಲ್ಲಿ ಯಾರಾದರೂ ಇದಕ್ಕಿಂತ ಸುಲಭದ ಉಪಾಯ ಕಂಡುಕೊಂಡಿದ್ದರೆ ಮುಂದಿನ ಸಂಚಿಕೆಗೆ ಬರೆದು ತಿಳಿಸಬೇಕಾಗಿ ಪ್ರಾರ್ಥನೆ.